ಚಳ್ಳಕೆರೆ, ಮೊಳಕಾಲ್ಮೂರು: ಮನೆಯ ಸ್ಥಿತಿಗತಿ ಮತ್ತು ಕಾಲೇಜಿನ ಆಟ

ಹಿನ್ನೆಲೆ

ಆಂಧ್ರದ ಗಡಿಗೆ ಹೊಂದಿಕೊಂಡಿರುವ ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ಮಳೆ ಕಡಿಮೆ, ಮುಖ್ಯ ಬೆಳೆ ಶೇಂಗಾ. ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ತಂದದ್ದೂ ಅದೇ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾಗಿದೆ. ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಇಲ್ಲಿನ ಪದವಿ ಕಾಲೇಜುಗಳು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಮನೆತನದಲ್ಲೇ ಮೊದಲ ಬಾರಿಗೆ ಪದವಿಗೆ ಬಂದ ಮಕ್ಕಳು ಇಲ್ಲಿ ಬಹಳ.

ಸಂಜೆಯ ಹೊತ್ತು ಯಾರದು?

ಯಾವ ವರ್ಗ ಯಾವ ಆಟ ಆಡುತ್ತದೆ ಎಂಬುದನ್ನು ಹಣದಷ್ಟೇ ಬಿಡುವಿನ ವೇಳೆಯೂ ತೀರ್ಮಾನಿಸುತ್ತದೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1970ರ ದಶಕದಲ್ಲಿ ವಾದಿಸಿದ್ದರು. ಈ ಬಯಲುಸೀಮೆಯಲ್ಲಿ ಆ ಮಾತು ಕಣ್ಣಿಗೆ ಕಟ್ಟುತ್ತದೆ. ತರಗತಿ ಮುಗಿದ ಮೇಲೆ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಶೇಂಗಾ ಕೀಳುವ ಸುಗ್ಗಿ. ಅಂತರ ಕಾಲೇಜು ಪಂದ್ಯಗಳೂ ಅದೇ ದಿನಗಳಲ್ಲಿ ಬಂದರೆ ಹುಡುಗ ಹೊಲಕ್ಕೇ ಹೋಗಬೇಕು, ಒಂದು ದಿನದ ಕೂಲಿ ಸಣ್ಣ ಮಾತಲ್ಲ. ನೇಕಾರರ ಮನೆಯಲ್ಲಿ ಮಗ್ಗದ ಕೆಲಸಕ್ಕೆ ಮನೆಮಂದಿಯೆಲ್ಲ ಕೈಜೋಡಿಸಬೇಕು. ಆಸಕ್ತಿ ಇಲ್ಲವೆಂದು ಇಂಥ ಮಕ್ಕಳನ್ನು ದೂರುವುದು ಅನ್ಯಾಯ.

ಹಾಸ್ಟೆಲಿನಲ್ಲಿರುವವರ ಸಂಗತಿ ಬೇರೆ. ಅವರಿಗೆ ಬಸ್ಸಿನ ಚಿಂತೆಯಿಲ್ಲ, ಊಟ ಹೊತ್ತಿಗೆ ಸಿಗುತ್ತದೆ, ಜೊತೆಗಾರರೂ ಅಲ್ಲೇ ಇರುತ್ತಾರೆ. ಕ್ರೀಡೆಗೆ ಸರ್ಕಾರ ಮಾಡಿರುವ ದೊಡ್ಡ ಉಪಕಾರ ಈ ಹಾಸ್ಟೆಲುಗಳೇ ಎನ್ನುವುದು ನನ್ನ ಎಣಿಕೆ.

ಹೆಣ್ಣುಮಕ್ಕಳು

ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ನೀಡುವ, 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿತು. ಆದರೆ ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬ ಕಟ್ಟುಪಾಡು ಹಾಗೆಯೇ ಇದೆ, ನೀರು, ಒಲೆ, ತಮ್ಮ–ತಂಗಿಯರ ಹೊಣೆಯೂ ಇದೆ. ಗೊಲ್ಲರ ವಸತಿಗಳಾದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಹಟ್ಟಿಯಾಚೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ; ಅಂಥ ಕಡೆ ಆ ದಿನಗಳಲ್ಲಿ ಆಟದ ಮಾತೇ ಇಲ್ಲ.

ಮಣ್ಣಿನಿಂದ ಮ್ಯಾಟಿಗೆ

ಹಳ್ಳಿಯ ಕಬಡ್ಡಿ ಬರಿಗಾಲಿನ, ಮಣ್ಣಿನ ಆಟ. ಮೇಲಿನ ಹಂತದ ಪಂದ್ಯಗಳು ಈಗ ಮ್ಯಾಟ್ ಮೇಲೆ, ಶೂ ತೊಟ್ಟು ನಡೆಯುತ್ತವೆ. ಮಣ್ಣಿನಲ್ಲಿ ಪಳಗಿದ ಕಾಲಿಗೆ ಮ್ಯಾಟಿನ ಹಿಡಿತ ಹೊಸದು; ಒಗ್ಗಿಕೊಳ್ಳುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ.

ನಸುಕಿನ ಓಟ

ಪೊಲೀಸ್ ನೇಮಕಾತಿಗೆ ತಯಾರಾಗುವವರು ನಸುಕಿನಲ್ಲೇ ಎದ್ದು ಓಡುತ್ತಾರೆ. ಕಾನ್‌ಸ್ಟೇಬಲ್ ಆಗಲು ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಕಾಲೇಜು ತಂಡದ ಪಟ್ಟಿಯಲ್ಲಿ ಇವರ ಹೆಸರಿರುವುದಿಲ್ಲ. ಈ ಓಟಕ್ಕೆ ತಂಡ ಬೇಡ, ಮ್ಯಾಟ್ ಬೇಡ. ನೌಕರಿಗಾಗಿ ಓಡುವ ಮಗನನ್ನು ಮನೆಯವರು ತಡೆಯುವುದೂ ಇಲ್ಲ.