ಸುಕ್ಕೋತ್

ಸುಕ್ಕೋತ್ ಯಹೂದಿ ಪಂಚಾಂಗದ ತಿಶ್ರಿ ಮಾಸದ 15ರಂದು, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ, ಆರಂಭವಾಗಿ ಏಳು ದಿನ ನಡೆಯುವ ಪರ್ಣಶಾಲೆಗಳ ಹಬ್ಬ. ಇದು ಮೂಲತಃ ಸುಗ್ಗಿಯ ಹಬ್ಬವೆಂಬ ವಾದಕ್ಕೆ ಆಧಾರವಿದೆ: ವಿಮೋಚನಕಾಂಡವು ಇದನ್ನು ಫಲಸಂಗ್ರಹದ ಹಬ್ಬವೆಂದೇ ಕರೆಯುತ್ತದೆ, ಮಾದಲ ಹಣ್ಣು, ಖರ್ಜೂರದ ಗರಿ, ಮರ್ಟಲ್ ಮತ್ತು ನೀರವಂಜಿಯ ಕೊಂಬೆಗಳನ್ನು ಕೂಡಿಸಿ ಹಿಡಿಯುವ ವಿಧಿಯೂ ಅದನ್ನೇ ಸೂಚಿಸುತ್ತದೆ. ಆದರೆ ಹಬ್ಬದ ತಿರುಳಿರುವುದು ಗುಡಿಸಲಿನಲ್ಲಿ. ಈಜಿಪ್ಟಿನಿಂದ ಬಿಡುಗಡೆಯಾದ ಇಸ್ರೇಲರು ಅರಣ್ಯದಲ್ಲಿ ಗುಡಾರಗಳಲ್ಲಿ ನೆಲೆಸಿದ್ದನ್ನು ಮುಂದಿನ ಪೀಳಿಗೆಗಳು ಅರಿಯಲೆಂದೇ ಈ ವಾಸ ಎನ್ನುತ್ತದೆ ಯಾಜಕಕಾಂಡ. ನೆಲದಿಂದ ಕಡಿದು ತಂದ ಸೊಪ್ಪುಸದೆಯನ್ನೇ ಮಾಡಿಗೆ ಹೊದಿಸಬೇಕು; ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೂ ಸಂದಿಯಲ್ಲಿ ನಕ್ಷತ್ರ ಕಂಡರೆ ಒಳ್ಳೆಯದು. ಊಟವೆಲ್ಲ ಅಲ್ಲೇ, ಸಾಧ್ಯವಾದರೆ ನಿದ್ರೆಯೂ.

ಬಿಡುಗಡೆಯಾದದ್ದು ವಸಂತದಲ್ಲಿ, ಹಬ್ಬವೇಕೆ ಶರತ್ಕಾಲದಲ್ಲಿ ಎಂಬ ಆಕ್ಷೇಪ ಹಳೆಯದು. ಬೇಸಿಗೆಯಲ್ಲಿ ತಂಪಿಗಾಗಿ ಯಾರಾದರೂ ಚಪ್ಪರ ಸೇರುತ್ತಾರೆ. ಜನ ಮನೆಯೊಳಗೆ ಮರಳುವ ಹೊತ್ತಿಗೆ ಹೊರಬಂದರೆ ಮಾತ್ರ ಅದು ವಿಧಿಪಾಲನೆಯೆಂದು ತಿಳಿಯುತ್ತದೆ ಎಂದು ಮಧ್ಯಯುಗದ ಧರ್ಮಶಾಸ್ತ್ರಜ್ಞ ಯಾಕೋಬ್ ಬೆನ್ ಆಶೇರ್ ಉತ್ತರಿಸಿದ್ದಾನೆ. ಈ ಉತ್ತರ ಸುಗ್ಗಿಯನ್ನೂ ಒಳಗೊಳ್ಳುತ್ತದೆ: ಕಣಜ ತುಂಬಿದ ವಾರದಲ್ಲೇ ರೈತ ಗಟ್ಟಿಗೋಡೆಯ ಆಸರೆ ಬಿಡುತ್ತಾನೆ. ದೇಹದಂಡನೆ ಇಲ್ಲಿನ ಉದ್ದೇಶವಲ್ಲ. ಊಟ ಕೆಡುವಷ್ಟು ಮಳೆ ಬಂದರೆ ಮನೆಗೆ ಹೋಗಲು ಶಾಸ್ತ್ರವೇ ಅನುಮತಿಸುತ್ತದೆ, ಏಕೆಂದರೆ ಇದು ಸಂತೋಷಪಡಬೇಕೆಂದು ವಿಧಿಸಲಾದ ಹಬ್ಬ.