ಗಂಧಕದ ಅದಿರಿನಲ್ಲಿ ಬಂಗಾರದ ದಾರಿ

ಬೆಂಕಿಯಲ್ಲಿ ಬಂಗಾರ ಕೆಡದೆಂಬುದು ಅಕ್ಕಸಾಲಿಗರ ಮನೆಯ ಮಕ್ಕಳಿಗೂ ತಿಳಿದ ಮಾತು. ಆದರೆ ಗಂಧಕದ ಅದಿರಿನಲ್ಲಿ ಅಡಗಿದ ಬಂಗಾರವು ಕುಲುಮೆಯಲ್ಲಿ ಯಾವ ಕಡೆಗೆ ಸರಿಯುವುದೆಂಬುದನ್ನು ಅರಿಯದೆ, ಗಣಿಯ ಊರುಗಳೇ ಹಾಳುಬೀಳುವ ಸ್ಥಿತಿಗೆ ಬಂದುದುಂಟು.

ಅಮೆರಿಕದ ಇಂದಿನ ಕೊಲರಾಡೊ ರಾಜ್ಯದ ಬೆಟ್ಟಗಳಲ್ಲಿ 1859ರಲ್ಲಿ ಜಾನ್ ಗ್ರೆಗರಿ ಎಂಬಾತನು ಚಿನ್ನದ ಸಿರೆಯೊಂದನ್ನು ಕಂಡನು. ಮೇಲ್ಪದರದ ಅದಿರಿನಲ್ಲಿ ಗಾಳಿ ನೀರುಗಳು ಯುಗಯುಗಗಳಿಂದ ಗಂಧಕವನ್ನು ಕಳೆದು ಚಿನ್ನವನ್ನು ಬಿಡಿಯಾಗಿಸಿದ್ದುವು. ಒನಕೆಯಂತೆ ಎದ್ದು ಬೀಳುವ ಕಬ್ಬಿಣದ ಯಂತ್ರಗಳಿಂದ ಕಲ್ಲನ್ನು ಕುಟ್ಟಿ, ಪಾದರಸಕ್ಕೆ ಸೋಕಿಸಿದರೆ ಸಾಕಾಗಿತ್ತು. (ನಮ್ಮ ಕೋಲಾರದ ಬೆಣಚುಕಲ್ಲಿನ ಚಿನ್ನವೂ ಬಹುಮಟ್ಟಿಗೆ ಬಿಡಿಯಾದುದೇ, ಆದುದರಿಂದಲೇ ಅಲ್ಲಿಯೂ ಮೊದಲಿಗೆ ಇದೇ ಕ್ರಮ ನಡೆಯಿತು.) ಆಳಕ್ಕೆ ಇಳಿದಂತೆ ಕಬ್ಬಿಣ, ತಾಮ್ರ, ಗಂಧಕಗಳು ಕೂಡಿದ ಗಟ್ಟಿ ಅದಿರು ಎದುರಾಯಿತು. ಅದರ ಹರಳುಗಳೊಳಗೆ ಹುದುಗಿದ ಸಣ್ಣ ಕಣಗಳನ್ನು ಪಾದರಸ ಮುಟ್ಟಲಾರದೆ ಹೋಯಿತು. ಅದಿರಿನಲ್ಲಿದ್ದ ಚಿನ್ನದ ಬಹುಪಾಲು ನೀರಿನೊಡನೆ ಹಳ್ಳದ ಪಾಲಾಯಿತು. ಬಗೆಬಗೆಯ ಹೊಸ ವಿಧಾನಗಳನ್ನು ಹೊತ್ತು ಬಂದವರು ಹಲವರು. ಅವರನ್ನು ನಂಬಿ ಹಣ ಕಳೆದುಕೊಂಡವರು ಅವರಿಗಿಂತಲೂ ಹೆಚ್ಚು.

ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ನಥಾನಿಯಲ್ ಹಿಲ್ ಅವರು ಇದನ್ನು ನೋಡಿ, ತಾಮ್ರ ಕರಗಿಸುವುದರಲ್ಲಿ ಹೆಸರಾದ ವೇಲ್ಸಿನ ಸ್ವಾನ್ಸಿಗೆ ಹೋದರು. ಕೊಲರಾಡೊವಿನ ಅದಿರನ್ನೂ ಅಲ್ಲಿಗೆ ಕಳುಹಿಸಿ ಪರೀಕ್ಷೆ ಮಾಡಿಸಿದರು. ಆ ಬೆಟ್ಟಗಳಿಗೆ ಆಗ ರೈಲು ಇರಲಿಲ್ಲವೆಂಬುದನ್ನು ನೆನೆದರೆ ಅವರ ಸಾಹಸದ ಅಳತೆ ತಿಳಿದೀತು. 1868ರಲ್ಲಿ ಬ್ಲ್ಯಾಕ್ ಹಾಕ್ ಎಂಬಲ್ಲಿ ಅವರ ಕುಲುಮೆ ಹೊತ್ತಿತು.

ಅಲ್ಲಿ ನಡೆಯುತ್ತಿದ್ದುದಿಷ್ಟು. ಮೊದಲು ಅದಿರನ್ನು ಸುಟ್ಟು ಗಂಧಕವನ್ನು ಒಂದಿಷ್ಟು ಹೊಗೆಯಾಗಿ ಕಳೆಯುವರು. ಎಲ್ಲವನ್ನೂ ಕಳೆಯಲಾಗದು, ಕಳೆಯಲೂ ಬಾರದು. ಬಳಿಕ ಸುಮಾರು 1200 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗಿಸಿದಾಗ, ಆಮ್ಲಜನಕದೊಡನೆ ಕೂಡಿದ ಕಬ್ಬಿಣವು ಮರಳಿನ ಅಂಶವನ್ನು ಸೇರಿ ಕಿಟ್ಟವಾಗಿ ತೇಲುತ್ತದೆ. ತಾಮ್ರವೂ ಉಳಿದ ಕಬ್ಬಿಣವೂ ಗಂಧಕದೊಡನೆ ಕೂಡಿ ಭಾರವಾದ ಇನ್ನೊಂದು ದ್ರವವಾಗಿ ತಳಕ್ಕಿಳಿಯುತ್ತವೆ. ಇದಕ್ಕೆ ಮ್ಯಾಟ್ ಎಂದು ಹೆಸರು. ಎಣ್ಣೆ ನೀರುಗಳಂತೆ ಇವೆರಡೂ ಬೆರೆಯವು. ಚಿನ್ನಕ್ಕೆ ಆಮ್ಲಜನಕದ ನಂಟು ಬೇಡ. ಆದುದರಿಂದ ಕಿಟ್ಟದಲ್ಲಿ ಅದಕ್ಕೆ ನೆಲೆಯಿಲ್ಲ, ಮ್ಯಾಟಿನಲ್ಲಿ ಕರಗಿ ನಿಲ್ಲುತ್ತದೆ. ಬೆಳ್ಳಿಯೂ ಅದನ್ನೇ ಸೇರುತ್ತದೆ. ಆದರೆ ಅದರ ಅಲ್ಪಾಂಶವು ಅತಿಶಾಖದಲ್ಲಿ ಆವಿಯಾಗಿ ಹೊಗೆಯ ದಾರಿ ಹಿಡಿಯುವುದುಂಟು. ಕಿಟ್ಟವು ಅಂಟಂಟಾಗಿದ್ದರೆ ಮ್ಯಾಟಿನ ಹನಿಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಕಿಟ್ಟದೊಡನೆ ಹೋಗುವ ಚಿನ್ನವು ಬಹುತೇಕ ಆ ಹನಿಗಳದೇ.

ಮ್ಯಾಟನ್ನು ಕೆಲವು ವರ್ಷ ಸ್ವಾನ್ಸಿಗೇ ಕಳುಹಿಸಬೇಕಾಯಿತು. ಬಳಿಕ ರಿಚರ್ಡ್ ಪಿಯರ್ಸ್ ಎಂಬ ಲೋಹತಜ್ಞರು ಬಂದು ಬೇರ್ಪಡಿಸುವ ಕೆಲಸವನ್ನು ಅಲ್ಲಿಯೇ ನೆಲೆಗೊಳಿಸಿದರು. ಮ್ಯಾಟನ್ನು ಹದವರಿತು ಸುಟ್ಟು ಬಿಸಿನೀರಿನಲ್ಲಿ ತೊಳೆದರೆ ಬೆಳ್ಳಿ ಕರಗಿ ಬರುವುದು. ತಾಮ್ರದ ತಗಡುಗಳ ಮೇಲೆ ಅದು ಮತ್ತೆ ಲೋಹವಾಗಿ ಕೂರುವುದು. ಉಳಿದುದನ್ನು ಮತ್ತೆ ಕರಗಿಸಿ ಸ್ವಲ್ಪವೇ ತಾಮ್ರವನ್ನು ಲೋಹವಾಗಿಸಿದರೆ, ಚಿನ್ನದ ಹೆಚ್ಚಿನ ಪಾಲು ಮ್ಯಾಟನ್ನು ತೊರೆದು ಆ ತಾಮ್ರಕ್ಕೆ ಸೇರುವುದು. ಈ ಕೊನೆಯ ಹಂತವನ್ನು ಅವರು ಬಹುಕಾಲ ಗುಟ್ಟಾಗಿಯೇ ಇಟ್ಟರು. 1878ರಲ್ಲಿ ಕುಲುಮೆಗಳು ಡೆನ್ವರ್ ನಗರದ ಬಳಿಯ ಆರ್ಗೋಗೆ ಸಾಗಿದುವು. ಗುಟ್ಟೂ ಅವುಗಳೊಡನೆ ಸಾಗಿತು.