ಒಂದೇ ಟಯರು, ಎರಡು ಬಗೆಯ ಜಾರು: ಮಳೆಗಾಲದ ಹೆದ್ದಾರಿ ಮತ್ತು ಘಾಟಿ

ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಕಾರು ಹಾಸನದವರೆಗೆ ಹೆದ್ದಾರಿಯಲ್ಲಿ ವೇಗವಾಗಿ ಓಡಿ, ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿ ಇಳಿಯುತ್ತದೆ. ಎರಡೂ ಕಡೆ ರಸ್ತೆ ಒದ್ದೆಯೇ. ಚಕ್ರ ಜಾರುವ ಕಾರಣ ಮಾತ್ರ ಬೇರೆ. ಟಯರಿನ ಯೋಗ್ಯತೆಯನ್ನು ಟ್ರೆಡ್ಡಿನ ಆಳವೊಂದರಿಂದಲೇ ಅಳೆಯುವ ನಮ್ಮ ರೂಢಿಗೆ ಈ ವ್ಯತ್ಯಾಸ ಕಾಣುವುದಿಲ್ಲ ಎಂಬುದು ಈ ಲೇಖನದ ವಾದ.

ಹೆದ್ದಾರಿಯಲ್ಲಿ ನಿಂತ ನೀರನ್ನು ಟ್ರೆಡ್ಡಿನ ತೋಡುಗಳು ಹೊರದಬ್ಬಲಾರದಷ್ಟು ವೇಗ ಏರಿದರೆ ಚಕ್ರ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಈ ತೇಲುವೇಗ ಟಯರಿನ ಗಾಳಿಯೊತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆಂದು ನಾಸಾದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ 1963ರಲ್ಲಿ ತೋರಿಸಿದರು. ಅವರ ಸೂತ್ರದ ಪ್ರಕಾರ 32 ಪಿ.ಎಸ್.ಐ. ಗಾಳಿಯಿದ್ದರೆ ತೇಲುವೇಗ ಗಂಟೆಗೆ ಸುಮಾರು 94 ಕಿ.ಮೀ.; ಗಾಳಿ 24ಕ್ಕೆ ಇಳಿದರೆ ಸುಮಾರು 82. ವಿಮಾನದ ಟಯರುಗಳ ಅಧ್ಯಯನದಿಂದ ಹುಟ್ಟಿದ ಸೂತ್ರವಿದು, ನೀರು ತೋಡಿನ ಆಳವನ್ನು ಮೀರಿದಾಗಲೇ ಅನ್ವಯಿಸುತ್ತದೆ. ಕಾರಿನ ಮಟ್ಟಿಗೆ ಇದನ್ನು ಅಂದಾಜೆಂದೇ ಎಣಿಸಬೇಕು. ತೋಡು ಸವೆದಷ್ಟೂ ತೆಳುವಾದ ನೀರೇ ಅಪಾಯಕ್ಕೆ ಸಾಕಾಗುತ್ತದೆ. ಕಾರಿನ ಟಯರಿಗೆ ನಮ್ಮ ಕಾನೂನು ಗೊತ್ತುಮಾಡಿದ ಕನಿಷ್ಠ ಆಳ 1.6 ಮಿ.ಮೀ. ಹೊಸ ಟಯರಿನಲ್ಲಿ ಅದು ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು.

ಘಾಟಿಯ ತಿರುವಿನಲ್ಲಿ ಗಾಡಿ 30ರ ವೇಗದಲ್ಲಿರುತ್ತದೆ. ಅಲ್ಲಿ ತೇಲುವ ಮಾತೇ ಬರುವುದಿಲ್ಲ. ಸವೆದು ನುಣುಪಾದ ಜಲ್ಲಿಯ ಮೇಲೆ ಧೂಳು, ಎಣ್ಣೆ, ನೀರು ಬೆರೆತ ತೆಳು ಪದರವನ್ನು ಭೇದಿಸಿ ಕಲ್ಲಿನ ಸಣ್ಣ ಉಬ್ಬುಗಳಿಗೆ ಒಗ್ಗಿಕೊಳ್ಳಬೇಕಾದದ್ದು ರಬ್ಬರು. ಹಾಗಾಗಿ ಇಲ್ಲಿ ನಿರ್ಣಾಯಕವಾದದ್ದು ಅದರ ಮೆದುತನ. ಬಿಸಿಲು, ಗಾಳಿ, ವಯಸ್ಸು ಸೇರಿ ರಬ್ಬರನ್ನು ಗಡಸಾಗಿಸುತ್ತವೆ. ವಾರಕ್ಕೊಮ್ಮೆ ಮಾತ್ರ ಹೊರಬರುವ ಕಾರಿನ ಎಂಟು ವರ್ಷದ ಟಯರು ಬೋಳಾಗಿರುವುದಿಲ್ಲ, ಆಳದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಘಾಟಿಯಲ್ಲಿ ಬ್ರೇಕ್ ತುಳಿದಾಗ ಕೈಕೊಡಬಹುದಾದದ್ದು ಅದೇ. ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುವುದು ಈ ಟಯರು, ಏಕೆಂದರೆ ಅದರ ದೋಷ ಕಣ್ಣಿಗೆ ಬೀಳುವುದಿಲ್ಲ.

ವಯಸ್ಸನ್ನು ತಿಳಿಯುವುದು ಕಷ್ಟವೇನಲ್ಲ. ಟಯರಿನ ಪಕ್ಕೆಯ ಮೇಲೆ 2319 ಎಂದು ಅಚ್ಚಾಗಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಟಯರುಗಳಿಗೆ ಭಾರತ ಗೊತ್ತುಮಾಡಿದ ಎ.ಐ.ಎಸ್. 142 ಮಾನದಂಡ ಒದ್ದೆ ರಸ್ತೆಯ ಹಿಡಿತವನ್ನೂ ಪರೀಕ್ಷೆಗೆ ಒಳಪಡಿಸಿರುವುದು ದೊಡ್ಡ ಹೆಜ್ಜೆಯೇ ಸರಿ. ಆದರೆ ಆ ಪರೀಕ್ಷೆ ನಡೆಯುವುದು ಹೊಸ ಟಯರಿನ ಮೇಲೆ. ಆರನೇ ಮಳೆಗಾಲದಲ್ಲಿ ಅದೇ ರಬ್ಬರು ಎಷ್ಟು ಹಿಡಿಯುತ್ತದೆಂಬುದನ್ನು ಆ ಫಲಿತಾಂಶದಿಂದ ಊಹಿಸಲಾಗದು.